ಕಣ್ಣೊಳಗಿನ ಅಣ್ಣ-ತಮ್ಮರು

ಅಥಣಿ ಕಡೆ ದ್ರಾಕ್ಷಿ ಸುಗ್ಗಿ ಬಂತೆಂದರೆ ಬುಟ್ಟಿಯ ಮೇಲೆ ಸಣ್ಣ ನೊಣಗಳ ಸಂತೆ. ಕಳಿತ ಹಣ್ಣೊಂದು ಸಿಕ್ಕರೆ ಸಾಕು, ಬೀಗರನ್ನೆಲ್ಲ ಕರೆದುಕೊಂಡೇ ಬರುತ್ತವೆ.

"ಏನ್ರಿ ಮಾಸ್ತರ, ಭೂತಗನ್ನಡಿ ಹಿಡದ ನೊಣಾ ನೋಡಾಕತ್ತೀರಿ? ಬ್ಯಾರೆ ಕೆಲಸಿಲ್ಲೇನ?" ಬೇಲಿಯಾಚೆಯಿಂದ ಕಾಕು ಕೇಳಿದರು.

"ನೀವೂ ನೋಡ ಬರ್ರಿ ಕಾಕು. ಈ ಕೆಂಪು ಕಣ್ಣಾಗ ಸುಮಾರು 750 ಸಣ್ಣ ಕಣ್ಣದಾವ. ಒಂದೊಂದರಾಗೂ ಬೆಳಕ ಹಿಡಿಯೂ ಜೀವಕೋಶ 8."

"ಎಂಟರ ಇರಲಿ, ಎಂಬತ್ತರ ಇರಲಿ, ಏನ ವಿಶೇಷ?"

ವಿಶೇಷ ಇರುವುದು ಅವು ಕೂತ ಶಿಸ್ತಿನಲ್ಲಿ. ಕಣ್ಣಿನ ನಡುವೆ ಒಂದು ಗೆರೆ. ಅದರ ಮೇಲಿನ ಎಂಟೆಂಟು ಕೋಶಗಳ ಗುಂಪುಗಳು ಒಂದು ಕಡೆ 90 ಡಿಗ್ರಿ ಹೊರಳಿದರೆ, ಕೆಳಗಿನವು ಅಷ್ಟೇ ಡಿಗ್ರಿ ಎದುರು ಕಡೆ.

"ಹಿಂಗ ಹೊಳ್ರಿ ಅಂತ ಅವಕ್ಕ ಯಾರ ಹೇಳ್ತಾರ?"

"ಬಾಜೂದವರ!"

ನೊಣ ಇನ್ನೂ ಹುಳುವಾಗಿದ್ದಾಗಲೇ ಪ್ರತಿ ಗುಂಪಿನ ಎರಡು ಕೋಶಗಳಿಗೆ ಪೈಪೋಟಿ. ಗೆರೆಗೆ ಹತ್ತಿರದ ಕೋಶದಲ್ಲಿ 'ಫ್ರಿಜಲ್ಡ್' ಜೀನಿನ ಕೆಲಸ ಜೋರು. ಅದು 'ಡೆಲ್ಟಾ' ಪ್ರೋಟೀನು ಹೆಚ್ಚಿಸಿಕೊಂಡು ಪಕ್ಕದ ಕೋಶದ 'ನಾಚ್' ಪ್ರೋಟೀನನ್ನು ಎಬ್ಬಿಸುತ್ತದೆ: ಎಂಟರಲ್ಲಿ ಮೂರನೇ ನಂಬರು ನನ್ನದು, ನಾಲ್ಕನೆಯದು ನಿನ್ನದು. ಗುಂಪು ಯಾವ ಕಡೆ ಹೊರಳಬೇಕೆಂಬುದು ಅಲ್ಲಿಗೆ ತೀರ್ಮಾನ. ಫ್ರಿಜಲ್ಡ್ ಕೆಟ್ಟರೆ ಮೂರು ಯಾರು, ನಾಲ್ಕು ಯಾರು ಎಂಬ ನೇಮವೇ ಇಲ್ಲ. ಕೆಲವು ಗುಂಪು ಉಲ್ಟಾ, ಕೆಲವು ಅರ್ಧಮರ್ಧ.

"ಅಣ್ಣ-ತಮ್ಮರ ಹೊಲದ ಪಾಲ ಆದಂಗಾತ ಬಿಡ್ರಿ. ಕೋರ್ಟಿಗಿ ಹೋಗೂದಿಲ್ಲಲ್ಲ, ಪುಣ್ಯಾ!"

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಈ ನೊಣಗಳ ತಳಿ ಸಾಕುವ ಕೇಂದ್ರವೇ ಇದೆ, ಗೋದಿ ರವೆ, ಬೆಲ್ಲ, ಅಗರ್ ಕುದಿಸಿ ಬಾಟಲಿಯಲ್ಲಿ ಅವುಗಳಿಗೆ ಊಟ ಹಾಕುತ್ತಾರೆ ಎಂದೆ.

"ಬೆಲ್ಲದ ಉಪ್ಪಿಟ್ಟ! ನಮ್ಮ ಮನ್ಯಾಗ ಪುಕ್ಕಟ ತಿಂದ ಹೋಗ್ತಾವ. ಅಲ್ರಿ, ಇದರಿಂದ ಮನಷ್ಯಾಗೇನ ಬಂತು?"

ಬಂದದ್ದು ಸಣ್ಣದಲ್ಲ. ಫ್ರಿಜಲ್ಡ್ ಜೊತೆ ದುಡಿಯುವ 'ವ್ಯಾನ್ ಗೋ' ಎಂಬ ಜೀನಿನ ಬಳಗ ನಮ್ಮಲ್ಲೂ ಉಂಟು, ಇಲಿಯಲ್ಲೂ ಉಂಟು. ಇಲಿಯಲ್ಲಿ ಅದು ಕೆಟ್ಟರೆ ಒಳಗಿವಿಯ ಸೂಕ್ಷ್ಮ ರೋಮಗಳು ದಿಕ್ಕು ತಪ್ಪಿ ನಿಲ್ಲುತ್ತವೆ. ಬಸಿರಿನಲ್ಲಿರುವ ಮರಿಯ ಬೆನ್ನುಹುರಿ ಮುಚ್ಚಿಕೊಳ್ಳುವುದೇ ಇಲ್ಲ. ಬೆನ್ನು ತೆರೆದೇ ಹುಟ್ಟುವ ಕೂಸುಗಳ ಕಾರಣ ಹುಡುಕುವವರಿಗೆ ಇದೂ ಒಂದು ದಾರಿ.

ಕಾಕು ಒಂದು ಗಳಿಗೆ ಸುಮ್ಮನಿದ್ದು, "ಹಂಗಾರ ನೋಡ್ರಿ, ನೋಡ್ರಿ" ಎಂದರು.

ಹಣ್ಣಿನ ಮೇಲೆ ಕೂತ ನೊಣವನ್ನು ಧಾರಾಳವಾಗಿ ಓಡಿಸಿ. ಅದರ ಕಣ್ಣು ಓದುವವರನ್ನು ಮಾತ್ರ ಕೆಲಸವಿಲ್ಲದವರು ಅನ್ನಬೇಡಿ.