ಅಂಗೈಯಗಲದ ಮಂಜು

ಮಂಜು-ನೀರಿನ ಪುಟ್ಟ ಚಿತ್ರವನ್ನು ದಿನಕ್ಕೊಂದರಂತೆ ಬರೆಯುವುದು ಜಲವರ್ಣದ ಅತ್ಯಂತ ಅಗ್ಗದ ವ್ರತ. ಉಪವಾಸವಿಲ್ಲ, ದಪ್ಪ ಕಾಗದದ ತುಂಡು, ಎರಡು ಬಣ್ಣ, ಒಂದು ಕುಂಚ, ಒಂದು ಲೋಟ ನೀರು ಸಾಕು. ಆ ಲೋಟವನ್ನು ಕಾಫಿ ಲೋಟದಿಂದ ದೂರವಿಡುವುದೇ ಮೊದಲ ಪಾಠ.

ಒದ್ದೆ ಕಾಗದದ ಹೊಳಪು ಆರುವ ಮುನ್ನ ತೆಳು ಬಣ್ಣ ತಾಗಿಸಿದರೆ ಅದು ತಾನೇ ಹರಡಿ ಅಂಚು ಕರಗುತ್ತದೆ. ದೂರದ ಬೆಟ್ಟ ಮಸುಕು, ಹತ್ತಿರದ ಬಂಡೆ ಗಾಢ. ಮಂಜಿಗೆ ಬಣ್ಣವೇ ಬೇಡ; ಮುಟ್ಟದೆ ಬಿಟ್ಟ ಕಾಗದವೇ ಮಂಜು. ಕೆಲಸ ಮಾಡದಿರುವುದೂ ಕಸುಬೆನಿಸುವುದು ಇಲ್ಲಿ ಮಾತ್ರ (ಕೆಲವು ಕಚೇರಿಗಳನ್ನು ಬಿಟ್ಟರೆ). ಅರ್ಧ ಒಣಗಿದಾಗ ಮತ್ತೆ ನೀರು ಬಿದ್ದರೆ ಆಕಾಶದಲ್ಲಿ ಹೂಕೋಸು ಅರಳುತ್ತದೆ. ಜಾಣರು ಅದನ್ನು ಮೋಡ ಎನ್ನುತ್ತಾರೆ.

ಈ ಹಾದಿಯ ದೊಡ್ಡ ಹೆಸರು ಮೈಸೂರಿನ ಕೆ. ವೆಂಕಟಪ್ಪ (1886–1965). ಊಟಿ, ಕೊಡೈಕನಾಲ್ ಬೆಟ್ಟಗಳನ್ನು ಅವರು ಜಲವರ್ಣದಲ್ಲಿ ಹಿಡಿದರು. ಕಲ್ಕತ್ತೆಯ ಅವರ ಗುರು ಅವನೀಂದ್ರನಾಥ ಟಾಗೋರರದು ಬರೆದ ಚಿತ್ರವನ್ನೇ ನೀರಿನಲ್ಲಿ ಅದ್ದಿ ತೆಗೆಯುವ ಪದ್ಧತಿ. ಮನೆಯವರು ಕಂಡರೆ ಬಟ್ಟೆಯನ್ನೂ ಕೊಟ್ಟಾರು.

ಬರೆಯಲು ಮಂಜು ಹುಡುಕಿ ಧರ್ಮಪುರಿಯ ಕಡೆ ಹೊರಟರೆ, ಪಕ್ಕದ ಅದಿಯಮಾನ್‌ಕೋಟೆಯ ಚೆನ್ನರಾಯ ಪೆರುಮಾಳ್ ಗುಡಿಯಲ್ಲಿ ಹಳೆಯ ಚಿತ್ರಗಳಿವೆ. ಪುರಾಣದವರೇ ಕಿಕ್ಕಿರಿದಿರುವುದರಿಂದ ಮಂಜಿಗೆ ಅಲ್ಲಿ ಜಾಗವಿಲ್ಲ. ಅದಕ್ಕೆ ಅದೇ ಜಿಲ್ಲೆಯ ಹೊಗೆನಕಲ್ಲಿಗೇ ಹೋಗಬೇಕು. ಕಾವೇರಿ ಬಂಡೆಗಳ ನಡುವೆ ಧುಮುಕಿ ತುಂತುರು ಎಬ್ಬಿಸುತ್ತದೆ. ಹರಿಗೋಲಿನಲ್ಲಿ ಕೂತರೆ ಕಾಗದ ಪುಕ್ಕಟೆ ಒದ್ದೆಯಾಗುತ್ತದೆ. ಆದರೆ ಅಂಬಿಗ ಉತ್ಸಾಹದಿಂದ ಗಿರ್ರನೆ ತಿರುಗಿಸಿದರೆ ಎಡದ ಬೆಟ್ಟ ಬಲಕ್ಕೆ ಬಂದಿರುತ್ತದೆ. ದಡ ವಾಸಿ, ಹುರಿದ ಮೀನಿನ ವಾಸನೆ ತಡೆದುಕೊಳ್ಳುವವರಿಗೆ. ಬೇಸಿಗೆಯಲ್ಲಿ ನೀರಿಳಿದಾಗ ಬಂಡೆ ಜಾಸ್ತಿ, ಮಂಜು ಕಡಿಮೆ. ಬಣ್ಣದ ಖರ್ಚು ಏರುವುದು ಆಗಲೇ.