ಪೆಟ್ಟಿಗೆ ದೊಡ್ಡಪ್ಪ

ಹಾಸನದ ನಮ್ಮ ಬಳಗದಲ್ಲಿ ಯಾರಿಗಾದರೂ ವೀಸಾ ಬಂತೆಂದರೆ ಎರಡು ಕಡೆ ತಿಳಿಸುವುದು ವಾಡಿಕೆ: ಹಾಸನಾಂಬೆಗೆ ಮತ್ತು ಪೆಟ್ಟಿಗೆ ದೊಡ್ಡಪ್ಪನಿಗೆ. ತಾಯಿ ಆಶ್ವಯುಜದಲ್ಲಿ ಕೆಲವು ದಿನ ದರ್ಶನ ಕೊಟ್ಟು ಮತ್ತೆ ವರ್ಷದ ಮಟ್ಟಿಗೆ ಬಾಗಿಲು ಹಾಕಿಸಿಕೊಳ್ಳುತ್ತಾಳೆ. ದೊಡ್ಡಪ್ಪ ವರ್ಷಪೂರ್ತಿ ಸಿಗುತ್ತಾರೆ. ಕರೆಯದಿದ್ದರೂ ಸಿಗುತ್ತಾರೆ.

ಇಂಥವರು ಬಳಗಕ್ಕೊಬ್ಬರು ಇದ್ದೇ ಇರುತ್ತಾರೆ. ಕೆಲವು ಕಡೆ ನಿವೃತ್ತ ಮೇಷ್ಟ್ರು, ಕೆಲವು ಕಡೆ ವಿಆರ್‌ಎಸ್ ತಗೊಂಡ ಬ್ಯಾಂಕಿನವರು. ಫ್ರಿಜ್ಜಿನಿಂದ ಹಿಡಿದು ಅಳಿಯನವರೆಗೆ, ಅವರು ನೋಡಿ "ಪರವಾಗಿಲ್ಲ" ಅನ್ನದೆ ಯಾವುದೂ ಮನೆಯೊಳಗೆ ಬರುವಂತಿಲ್ಲ. ನಮ್ಮವರು ಮಾತ್ರ ಒಂದೇ ವಿಷಯ ಹಿಡಿದವರು, ಸೂಟ್‌ಕೇಸು. ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರಾಗಿ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಅಂತ ಸರ್ವೀಸು ಪೂರ್ತಿ ಸುತ್ತಿದವರು. ಜನರ ಮುಖಕ್ಕಿಂತ ಜನರ ಗಂಟುಮೂಟೆಯನ್ನೇ ಹೆಚ್ಚು ನೋಡಿದ್ದಾರೆ. ಒಬ್ಬ ಪ್ರಯಾಣಿಕನಿಗೆ ಮೂವತ್ತು ಕೆಜಿ ಉಚಿತ, ಮಿಕ್ಕಿದ್ದಕ್ಕೆ ಲಗೇಜ್ ಟಿಕೆಟ್ ಅನ್ನುವ ನಿಯಮ ಅವರ ರಕ್ತಕ್ಕೆ ಇಳಿದುಬಿಟ್ಟಿದೆ. ಯಾರ ಮನೆಗೆ ಹೋದರೂ ಬಾಗಿಲಲ್ಲಿರುವ ಬ್ಯಾಗನ್ನು ಒಂದು ಸಲ ಎತ್ತಿ ಇಳಿಸಿ, "ಹನ್ನೊಂದೂವರೆ" ಅಂದಮೇಲೆಯೇ ಚಪ್ಪಲಿ ಬಿಡುವುದು. ಒಮ್ಮೆ ಒಂದು ಪೆಟ್ಟಿಗೆಯನ್ನು ಇಪ್ಪತ್ತೊಂದು ಅಂದರು. ತಕ್ಕಡಿಗೆ ಹಾಕಿದರೆ ಇಪ್ಪತ್ತೆರಡೂವರೆ. "ತಕ್ಕಡಿ ಕೆಟ್ಟೋಗಿದೆ, ರಿಪೇರಿಗೆ ಕೊಡು" ಅಂದರು. ಆಶ್ಚರ್ಯವೆಂದರೆ ಅದನ್ನು ರಿಪೇರಿಗೆ ಕೊಟ್ಟೂ ಬಂದೆವು.

ಅವರನ್ನು ಕರೆದುಕೊಂಡು ಸೂಟ್‌ಕೇಸು ಕೊಳ್ಳಲು ಹೋಗುವುದೆಂದರೆ ಅರ್ಧ ದಿನದ ರಜೆ. ಕಟ್ಟಿನಕೆರೆ ಮಾರ್ಕೆಟ್ಟಿನ ಆಸುಪಾಸಿನಿಂದ ಬಿ.ಎಂ. ರೋಡಿನವರೆಗೆ ಅವರು ಹತ್ತದ ಬ್ಯಾಗಿನಂಗಡಿ ಇಲ್ಲ. ಹುಡುಗ ಒಂದು ಪೆಟ್ಟಿಗೆ ಇಳಿಸಿ, "ಎಂಆರ್‌ಪಿ ಒಂಬತ್ತು ಸಾವಿರದ ಆರುನೂರು ಸಾರ್, ಆಫರಲ್ಲಿ ಎರಡೂವರೆ" ಅನ್ನುತ್ತಾನೆ.

"ಹೋಲ್ಡಾನ್!" ಅನ್ನುತ್ತಾರೆ ದೊಡ್ಡಪ್ಪ. ಅಂಗಡಿಯಲ್ಲಿದ್ದ ಇತರ ಗಿರಾಕಿಗಳೂ ನಿಂತುಬಿಡುತ್ತಾರೆ. "ನಮ್ಮ ಕಾಲದಲ್ಲಿ ಟಿಕೆಟ್ ಮೇಲೆ ಎಲ್ಲಿ ತೂತು ಹೊಡೆದಿದ್ವೋ ಅಷ್ಟೇ ದುಡ್ಡು. ಒಂಬತ್ತು ರೂಪಾಯಿಗೆ ತೂತು ಹೊಡೆದು ಎರಡೂವರೆ ಇಸ್ಕೊಂಡಿದ್ರೆ ಚೆಕಿಂಗಿನೋರು ಸಸ್ಪೆಂಡ್ ಮಾಡೋರು. ಎರಡೂವರೆ ಸಾವಿರದ್ದು ಅಂತಲೇ ತೋರಿಸಪ್ಪ, ಮಿಕ್ಕ ಲೆಕ್ಕ ಆಮೇಲೆ."

ಆಮೇಲೆ ಹೆಬ್ಬೆರಳಿನ ಪರೀಕ್ಷೆ. ಪೆಟ್ಟಿಗೆಯ ನಡುಬೆನ್ನನ್ನು ಅದುಮುತ್ತಾರೆ. ಅದು ಒಳಗೆ ಹೋಗಿ ಪಟ್ಟನೆ ವಾಪಸ್ ಬರಬೇಕು. "ಬಗ್ಗದೆ ಜಂಬ ಮಾಡೋದು ಒಂದಿನ ಸೀಳ್ತದೆ. ಬಗ್ಗಿ ಏಳೋದೇ ಬಾಳೋದು." ಇದು ಕೇಳಲು ಪ್ರವಚನದಂತಿದ್ದರೂ ವಿಷಯದಲ್ಲಿ ತಪ್ಪಿಲ್ಲ. ಅಗ್ಗದ ಗಟ್ಟಿ ಪೆಟ್ಟಿಗೆಗಳು ಹೆಚ್ಚಾಗಿ ಎಬಿಎಸ್ ಪ್ಲಾಸ್ಟಿಕ್ಕಿನವು. ಬಿರುಸಾಗಿರುತ್ತವೆ, ಏಟು ಬಿದ್ದರೆ ಬಿರುಕು ಬಿಡುತ್ತವೆ. ಪಾಲಿಪ್ರೊಪಿಲೀನು ಬಗ್ಗುತ್ತದೆ, ಬೆಲೆಯೂ ಕೈಗೆಟುಕುತ್ತದೆ. ಪಾಲಿಕಾರ್ಬೊನೇಟು ಗಟ್ಟಿ, ಹಗುರ, ದುಬಾರಿ. ದೊಡ್ಡಪ್ಪನಿಗೆ ಈ ಮೂರು ಹೆಸರೂ ಬಾಯಿಗೆ ಬರುವುದಿಲ್ಲ, ಬೆರಳಿಗೆ ಬರುತ್ತವೆ.

ಚಕ್ರದ ಪರೀಕ್ಷೆಗೆ ಅವರು ಇಟ್ಟಿರುವ ಹೆಸರು "ಅರಕಲಗೂಡು ಟೆಸ್ಟು". ಅಂಗಡಿಯ ಟೈಲ್ಸಿನ ಮೇಲೆ ಯಾವ ಪೆಟ್ಟಿಗೆಯಾದರೂ ಓಡುತ್ತದೆ ಎಂಬುದು ಅವರ ವಾದ. ಪೆಟ್ಟಿಗೆಯನ್ನು ಹೊರಗೆ ತಂದು ಚರಂಡಿ ಕಲ್ಲು, ಜಲ್ಲಿ, ಸಗಣಿ ಎಲ್ಲವನ್ನೂ ದಾಟಿಸುತ್ತಾರೆ. ಹಿಂದೆ ಅಂಗಡಿ ಹುಡುಗ "ಸಾರ್, ಇನ್ನೂ ಬಿಲ್ ಆಗಿಲ್ಲ ಸಾರ್" ಎಂದು ಓಡಿಬರುತ್ತಾನೆ. ನಾಲ್ಕು ಚಕ್ರದ್ದು 360 ಡಿಗ್ರಿ ತಿರುಗುತ್ತದೆ ಎಂದು ಆ ಹುಡುಗ ಒಮ್ಮೆ ಹೆಮ್ಮೆಯಿಂದ ತಿರುಗಿಸಿ ತೋರಿಸಿದ. "ಇದೇ ಹಾಸನದ ಇಸ್ರೋ ಎಂಸಿಎಫ್‌ನಲ್ಲಿ ಕೂತ್ಕೊಂಡು 36,000 ಕಿಲೋಮೀಟರ್ ಮೇಲಿರೋ ಉಪಗ್ರಹ ತಿರುಗಿಸ್ತಾರೆ, ನೀನು ಇದನ್ನ ತಿರುಗಿಸಿ ತೋರಿಸ್ತೀಯಾ? ತಿರುಗೋದು ಬೇಡ ಕಣಪ್ಪ, ಮುಂದಕ್ಕೆ ಹೋಗ್ಲಿ" ಅಂದರು. ಹಳ್ಳದ ರಸ್ತೆಗೆ ಮೈಯೊಳಗೆ ಅರ್ಧ ಅಡಗಿರುವ ಎರಡು ಚಕ್ರವೇ ಮೇಲು, ವಿಮಾನ ನಿಲ್ದಾಣದ ನುಣುಪು ನೆಲಕ್ಕೆ ನಾಲ್ಕು. ಅಮೆರಿಕದ ಬರ್ನಾರ್ಡ್ ಸ್ಯಾಡೋ ಎಂಬಾತ ಚಕ್ರದ ಸೂಟ್‌ಕೇಸಿಗೆ ಪೇಟೆಂಟು ಪಡೆದದ್ದು 1972ರಲ್ಲಿ. ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಉದ್ದ ಹಿಡಿಕೆ ಹಾಕಿದ್ದು 1987ರಲ್ಲಿ, ರಾಬರ್ಟ್ ಪ್ಲಾತ್ ಎಂಬ ಪೈಲಟ್. ಇದನ್ನು ನಾನು ದೊಡ್ಡಪ್ಪನಿಗೆ ಹೇಳಿದೆ. "ಪೈಲಟ್ಟೇ ಮಾಡ್ಬೇಕಾಯ್ತಾ? ಅಲ್ಲಿ ಕಂಡಕ್ಟರ್ ಇರ್ಲಿಲ್ವಾ?" ಅಂತ ಕೇಳಿದರು.

ಜಿಪ್ಪಿನ ಪರೀಕ್ಷೆಗೆ ಜೇಬಿನ ಬಾಲ್‌ಪೆನ್ನು. ಬೀಗ ಹಾಕಿದ ಪೆಟ್ಟಿಗೆಯ ಜಿಪ್ಪಿನ ಹಲ್ಲುಗಳ ನಡುವೆ ಮೊನೆ ಚುಚ್ಚಿ ಎಳೆದರೆ ಪೆಟ್ಟಿಗೆ ಬಾಯಿ ಬಿಡುತ್ತದೆ. ಬೀಗ ಬೀಗದ ಜಾಗದಲ್ಲೇ ಇರುತ್ತದೆ. ಆಮೇಲೆ ಜಿಪ್ಪಿನ ಕೊಂಡಿಗಳನ್ನು ಬೀಗದ ಸಮೇತ ಆ ತುದಿಯಿಂದ ಈ ತುದಿಗೆ ಎಳೆದರೆ ಏನೂ ನಡೆದೇ ಇಲ್ಲ ಎಂಬಂತೆ ಮುಚ್ಚಿಕೊಳ್ಳುತ್ತದೆ. ಸುರುಳಿ ಹಲ್ಲಿನ ಸಾದಾ ಜಿಪ್ಪುಗಳೆಲ್ಲದರ ಹಣೆಬರಹವೇ ಇದು. ಮದುವೆಗೆಂದು ಪೆಟ್ಟಿಗೆ ಕೊಳ್ಳಲು ಬಂದಿದ್ದ ಮನೆಯವರ ಎದುರಿಗೇ ಇದನ್ನು ಮಾಡಿ ತೋರಿಸಿದ ಮೇಲೆ, ಆ ಅಂಗಡಿಯಲ್ಲಿ ದೊಡ್ಡಪ್ಪನಿಗೆ ಮೊದಲು ಕಾಫಿ ಕೊಡುತ್ತಾರೆ, ಜೊತೆಗೆ ಪೆನ್ನನ್ನು ಇಸಿದುಕೊಳ್ಳುತ್ತಾರೆ.

ಅಮೆರಿಕಕ್ಕೆ ಹೊರಟವರಿಗೆ ಬೇರೆ ಪಾಠ. ಸಾಮಾನ್ಯವಾಗಿ ಪೆಟ್ಟಿಗೆಯೊಂದಕ್ಕೆ 23 ಕೆಜಿ, ಉದ್ದ ಅಗಲ ಎತ್ತರ ಕೂಡಿಸಿದರೆ 158 ಸೆಂಟಿಮೀಟರ್ ಮೀರಬಾರದು. ಟಿಎಸ್‌ಎ ಬೀಗ ಇರಲಿ. ಅದಕ್ಕೆ ಅಲ್ಲಿನ ತಪಾಸಣೆಯವರ ಹತ್ತಿರ ಬೀಗದ ಕೈ ಇರುತ್ತದೆ, ಬೇರೆ ಬೀಗವಾದರೆ ಮುರಿದೇ ನೋಡುತ್ತಾರೆ. ದೊಡ್ಡ ಪೆಟ್ಟಿಗೆ ಖಾಲಿ ಇದ್ದಾಗಲೇ ನಾಲ್ಕೈದು ಕೆಜಿ ತೂಗುವುದು ಮಾತ್ರ ದೊಡ್ಡಪ್ಪನಿಗೆ ಸಹಿಸಲಾಗದ ಅನ್ಯಾಯ. "ಖಾಲಿ ಬಸ್ಸಿಗೇ ಐದು ಸೀಟು ಟಿಕೆಟ್ ಹರಿದರೆ ಹುಳಿಪುಡಿ ಎಲ್ಲಿ ಕೂರಬೇಕು, ಕೋಡುಬಳೆ ಎಲ್ಲಿ ನಿಲ್ಲಬೇಕು?"

ಸಾಹಿತ್ಯವನ್ನೂ ಅವರು ಇದೇ ಬಾಗಿಲಿನಿಂದ ಪ್ರವೇಶಿಸುತ್ತಾರೆ. 'ಅಮೆರಿಕಾದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅವರಿಗೆ ಗೊತ್ತು. ಅದನ್ನು ಬರೆದ ನಮ್ಮ ಪಕ್ಕದ ಗೊರೂರಿನವರು ಯಾವ ಪೆಟ್ಟಿಗೆ ತಗೊಂಡು ಹೋಗಿದ್ದರು ಅನ್ನುವುದಷ್ಟೇ ಅವರ ಕುತೂಹಲ. 2025ರ ಮೇ ತಿಂಗಳಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೆ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಹಾಸನವೆಲ್ಲ ಸಂಭ್ರಮಿಸುತ್ತಿತ್ತು. ದೊಡ್ಡಪ್ಪನೂ ಸಂಭ್ರಮಿಸಿದರು, ಸಿಹಿ ಹಂಚಿದರು, ಕೊನೆಗೆ ತಡೆಯಲಾರದೆ ಕೇಳಿದರು: "ಪ್ರಶಸ್ತೀನ ಕೈಲಗೇಜಲ್ಲಿ ತರ್ತಾರಾ, ಚೆಕ್‌ಇನ್ನಿಗೆ ಹಾಕ್ತಾರಾ?"

ಇಷ್ಟೆಲ್ಲ ಪರೀಕ್ಷೆ ಮಾಡುವವರು ಎಲ್ಲರಿಗೂ ಒಂದೇ ಪೆಟ್ಟಿಗೆ ಹೇಳಬೇಕಲ್ಲವೇ? ಹೇಳುವುದಿಲ್ಲ. ಹೊಳೆನರಸೀಪುರದ ಚಿಕ್ಕಪ್ಪನಿಗೆ ಆಳೆತ್ತರದ ಗಟ್ಟಿ ಪೆಟ್ಟಿಗೆ ಕೊಡಿಸಿದರು, ಅವರು ಹೋಗುವುದು ಮೈಸೂರಿಗೆ, ಅದೂ ಬೆಳಗ್ಗೆ ಹೋಗಿ ಸಂಜೆ ಬರುವ ರೈಲಿನಲ್ಲಿ. ಅರಕಲಗೂಡಿನ ಅತ್ತೆಗೆ ಎರಡು ಚಕ್ರದ ಬಟ್ಟೆ ಪೆಟ್ಟಿಗೆ. ಚನ್ನರಾಯಪಟ್ಟಣದಲ್ಲಿರುವ ತಮ್ಮ ಸ್ವಂತ ತಂಗಿಗೆ ವಿಮಾನದ ಸೀಟಿನ ಮೇಲೆ ಇಡುವ, ಏಳು ಕೆಜಿ ಮಿತಿಯ ಪುಟ್ಟದು, ಅವಳು ವಿಮಾನ ನೋಡಿರುವುದು ಅಂಗಳದಲ್ಲಿ ನಿಂತು. ಇದು ಮುಪ್ಪಿನ ಮರೆವೆಂದು ಎಲ್ಲರೂ ತಿಳಿದಿದ್ದೆವು, ಕಂಡಕ್ಟರಾಗಿದ್ದಾಗ ಟಿಕೆಟ್ ಲೆಕ್ಕ ಬರೆಯುತ್ತಿದ್ದ ಅವರ ಹಳೆಯ ವೇಬಿಲ್ ಪುಸ್ತಕ ಸಿಗುವವರೆಗೆ. ಅದರಲ್ಲಿ ಟಿಕೆಟ್ ನಂಬರಿನ ಜಾಗದಲ್ಲಿ ಪೆಟ್ಟಿಗೆಗಳು, ಸ್ಟೇಜಿನ ಜಾಗದಲ್ಲಿ ಊರುಗಳು. ಯಾರ ಪೆಟ್ಟಿಗೆ ಯಾರ ಮನೆಯಲ್ಲಿದೆ, ಯಾವಾಗ ಹೋಯಿತು, ಯಾವ ಗಾಯ ಮಾಡಿಕೊಂಡು ಬಂತು ಎಲ್ಲವೂ ಇದೆ. ಬಳಗಕ್ಕೆಲ್ಲ ಸೇರಿ ಯಾವ ಅಳತೆ ಇಲ್ಲವೋ ಅದನ್ನು, ಸಿಕ್ಕವರಿಂದ ಕೊಳ್ಳಿಸುತ್ತಿದ್ದರು ಮಹಾರಾಯರು. ವರ್ಷದಲ್ಲಿ ಮುನ್ನೂರೈವತ್ತು ದಿನ ಅಟ್ಟದ ಮೇಲೆ ಮಲಗುವ ವಸ್ತುವಿಗೆ ಇದಕ್ಕಿಂತ ಅಗ್ಗದ ದಾರಿಯನ್ನು ನಾನಂತೂ ಕಂಡಿಲ್ಲ.

ಅವರ ಸ್ವಂತ ಪೆಟ್ಟಿಗೆ ಈ ಲೆಕ್ಕಕ್ಕೆ ಸೇರುವುದಿಲ್ಲ. ಮದುವೆಯಲ್ಲಿ ಮಾವನ ಮನೆಯವರು ಕೊಟ್ಟ ವಿಐಪಿ ಅದು. ಆ ಕಂಪನಿಯ ಪೆಟ್ಟಿಗೆ ಇಲ್ಲದೆ ನಮ್ಮ ಕಡೆ ವರ ಮಂಟಪ ಹತ್ತದ ಕಾಲವೊಂದಿತ್ತು. ಯಾರಾದರೂ ಕೇಳಿದರೆ, "ಅದು ಡಿಪೋ ಗಾಡಿ, ರೂಟಿಗೆ ಬಿಡಲ್ಲ" ಅನ್ನುತ್ತಾರೆ.

ವ್ಯವಸ್ಥೆಗೆ ವಿಘ್ನಗಳೂ ಬಂದಿವೆ. ಹೊಳೆನರಸೀಪುರದ ಪೆಟ್ಟಿಗೆಯಲ್ಲಿ ಅಲ್ಲಿನ ತಾತ ಜಮೀನಿನ ಕ್ರಯಪತ್ರ ಇಟ್ಟು, ನಂಬರ್ ಬೀಗ ತಿರುಗಿಸಿ, ನಂಬರು ಮರೆತರು. ಮೂರಂಕಿಯ ಬೀಗಕ್ಕೆ ಸಾಧ್ಯವಿರುವುದು ಒಂದು ಸಾವಿರ ನಂಬರು ಮಾತ್ರ, ತಾಳ್ಮೆ ಇದ್ದರೆ ಗಂಟೆಯೊಳಗೆ ಮುಗಿಯುತ್ತದೆ. ಪೆನ್ನು ಹಾಕಿದರೆ ಚಿಕ್ಕಪ್ಪನಿಗೆ ಜಿಪ್ಪಿನ ಮೇಲಿನ ನಂಬಿಕೆ ಹೋಗುತ್ತದೆಂದು ದೊಡ್ಡಪ್ಪ ಸೊನ್ನೆಯಿಂದ ಶುರು ಮಾಡಿದರು. ತೆರೆದದ್ದು 999ಕ್ಕೆ. "ಕಳ್ಳ ಸೊನ್ನೆಯಿಂದ ಶುರು ಮಾಡ್ತಾನೆ, ಬೇಜಾರಾಗಿ ಹೋಗ್ಲಿ ಅಂತ ಕೊನೇದು ಇಟ್ಟಿದ್ದೆ" ಎಂದು ತಾತನಿಗೆ ಆಗ ನೆನಪಾಯಿತು.

ಈಚಿನ ಪೆಟ್ಟು ಚನ್ನರಾಯಪಟ್ಟಣದಿಂದ. ದೊಡ್ಡಪ್ಪನ ತಂಗಿ ಯಾರನ್ನೂ ಕೇಳದೆ ಹಬ್ಬದ ಸೇಲಿನಲ್ಲಿ ಮೊಬೈಲಿನಿಂದಲೇ ಮೂರು ಪೆಟ್ಟಿಗೆಯ ಸೆಟ್ಟು ತರಿಸಿಬಿಟ್ಟಳು. ಒಂದರೊಳಗೊಂದು ಕೂರುವಂಥವು. ಸುದ್ದಿ ಕೇಳಿ ದೊಡ್ಡಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಫೋನು ಹಚ್ಚಿದರು.

"ಒಬ್ಬಳಿಗೆ ಮೂರು ಯಾಕವ್ವಾ? ಅದುಮಿ ನೋಡಿದ್ಯಾ?"

"ನೋಡ್ದೆ ಕಣಣ್ಣ. ಬಗ್ಗಿ ಎದ್ದೇಳ್ತದೆ."

ಆ ಕಡೆ ಹಾಳೆ ಮಗುಚುವ ಸದ್ದು. ವೇಬಿಲ್ ಇರಬೇಕು.

"ನಡುವಿಂದು ನಮ್ಮಲ್ಲಿಲ್ಲ. ದೊಡ್ಡದು ನಿನ್ನತ್ರ ಇರ್ಲಿ, ಮಿಕ್ಕೆರಡು ಹಾಸನಕ್ಕೆ ಕಳ್ಸು."

"ಎರಡು ಪೆಟ್ಟಿಗೆ ಬಸ್ಸಿಗೆ ಹಾಕಿದ್ರೆ ಲಗೇಜ್ ಟಿಕೆಟ್ ಯಾರು ಕೊಡ್ತಾರಣ್ಣ?"

"ಚಿಕ್ಕದನ್ನ ನಡುವಿಂದರೊಳಗೆ ಇಡು. ಎರಡೂ ಸೇರಿ ಏಳು ಕೆಜಿ ದಾಟಲ್ಲ, ಮೂವತ್ತರ ತನಕ ಫ್ರೀ. ನೀನೇ ತಗೊಂಡು ಬಾ, ಹೆಂಗಸರಿಗೆ ಹೆಂಗೂ 2023ರಿಂದ ಟಿಕೆಟ್ ದುಡ್ಡಿಲ್ಲ. ಇನ್ನೂ ಇಪ್ಪತ್ಮೂರು ಕೆಜಿ ಖಾಲಿ ಉಳೀತು ನೋಡು. ಅದಕ್ಕೆ ತೆಂಗಿನಕಾಯಿ ತುಂಬ್ಕೊಂಡು ಬಾ. ಆಧಾರ್ ಕಾರ್ಡ್ ಮರೀಬೇಡ."