ದಂಡಿನ ಹೆಸರುಗಳ ಪಂಚವಿಧ ಲಕ್ಷಣ

ದಂಡಿನ ಹುದ್ದೆಯ ಹೆಸರಿಗೂ ಅದನ್ನು ಹೊತ್ತವನಿಗೂ ಇರುವ ಸಂಬಂಧ ಐದು ಬಗೆ. ಮೊದಲನೆಯದಕ್ಕೆ ರೋಮಿಗೆ ಹೋಗಬೇಕು. ಉಳಿದವಕ್ಕೆ ಕೊಡಗು ಸಾಕು.

ಒಂದು, ಸಂಖ್ಯಾನಾಮ. ರೋಮನ್ ಸೇನೆಯ ಟ್ರಿಬ್ಯೂನನನ್ನು ಗ್ರೀಕರು 'ಖಿಲಿಯಾರ್ಖೋಸ್' ಎಂದರು: ಸಾವಿರ ಆಳಿನ ಒಡೆಯ. ಕನ್ನಡ ಬೈಬಲಿನಲ್ಲಿ ಇವನು ಸಹಸ್ರಾಧಿಪತಿ. ಐದು ಸಾವಿರದಷ್ಟು ಆಳಿದ್ದ ಲೀಜನ್ನಿಗೆ ಇಂಥವರು ಆರು ಮಂದಿ. ಹಂಚಿದರೆ ತಲೆಗೆ ಸಾವಿರ ಬರುವುದಿಲ್ಲ. ಶತಾಧಿಪತಿಯ ಪಾಲಿಗಂತೂ ಎಂಬತ್ತೇ. ಸೂತ್ರ: ಹೆಸರಿನಲ್ಲಿ ಲೆಕ್ಕವಿದ್ದವನ ಹಾಜರಿ ಪುಸ್ತಕ ಕೇಳಬಾರದು.

ಎರಡು, ಸಂಚಾರನಾಮ. ಸುಬೇದಾರನೆಂದರೆ ಮೊಗಲರಲ್ಲಿ ಇಡೀ ಪ್ರಾಂತ್ಯದ ಅಧಿಪತಿ. ಕಂಪನಿ ಪಟಾಲಮಿನಲ್ಲಿ ದೇಶೀ ಅಧಿಕಾರಿ. ಬ್ರಿಟಿಷರ ಕೊಡಗಿನಲ್ಲಿ ತಾಲ್ಲೂಕಿನ ಕಂದಾಯ ನೋಡುವವ, ಕೆಳಗೆ ನಾಡಿಗೊಬ್ಬ ಪಾರ್ಪತ್ಯಗಾರ. ಹಾಗೆಂದು ಈ ಹೆಸರಿನವರೆಲ್ಲ ಕಡತದ ಹುಳುಗಳೆಂದು ಎಣಿಸುವಂತಿಲ್ಲ. ಸುಬೇದಾರ ಗುಡ್ಡೆಮನೆ ಅಪ್ಪಯ್ಯ ಗೌಡರು ಕಂಪನಿಯ ವಿರುದ್ಧ ಎದ್ದು, 1837ರ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿದರು.

ಮೂರು, ಅಂಟುನಾಮ. ಪಿಂಚಣಿ ಬಂದರೂ ಉದುರದು. ತೋಟದ ಗೇಟಿನಲ್ಲಿ, ಮದುವೆ ಆಮಂತ್ರಣದಲ್ಲಿ 'ಕರ್ನಲ್' ದಪ್ಪಕ್ಷರದಲ್ಲಿರುತ್ತದೆ. 'ನಿವೃತ್ತ' ಎಂಬುದು ಇರುವೆಗಾತ್ರದಲ್ಲಿ. ಕರೆಯುವಾಗ ಅದೂ ಮಾಯ: "ಕರ್ನಲ್ ಅಂಕಲ್ ಬಂದ್ರಾ?" ಅವರ ಈಗಿನ ಸೈನ್ಯ: ಒಬ್ಬ ರೈಟರು, ಕಾಫಿ ಕೊಯ್ಲಿಗೆ ಬಂದಷ್ಟು ಜನ, ಕರೆದರೂ ಬಾರದ ಒಂದು ನಾಯಿ.

ನಾಲ್ಕು, ಚಿರಂಜೀವಿನಾಮ. ಫೀಲ್ಡ್ ಮಾರ್ಷಲ್‌ಗೆ ನಿವೃತ್ತಿಯೇ ಇಲ್ಲ. ಕಾರ್ಯಪ್ಪನವರು 1949ರ ಜನವರಿ 15ರಂದು ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ದಂಡನಾಯಕರಾದರು, 1953ರಲ್ಲಿ ನಿವೃತ್ತರಾದರು, 1986ರಲ್ಲಿ ಫೀಲ್ಡ್ ಮಾರ್ಷಲ್ ಆದರು. ಮೂವತ್ತಮೂರು ವರ್ಷ ನಿವೃತ್ತರಾಗಿದ್ದವರು ಆಮೇಲೆ ನಿವೃತ್ತರಲ್ಲದವರಾದುದು ತರ್ಕಶಾಸ್ತ್ರಕ್ಕೆ ತೊಡಕು, ಮಡಿಕೇರಿಗೆ ಹೆಮ್ಮೆ.

ಐದು, ಸ್ಥಾವರನಾಮ. 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಹೆಸರಿನಲ್ಲಿ ಮಡಿಕೇರಿಯಲ್ಲಿ ವೃತ್ತವಿದೆ. ಇಲ್ಲಿ ಹುದ್ದೆ ಕಲ್ಲಾಗಿ ನಿಂತಿದೆ. ಬಸ್ಸು, ಜೀಪುಗಳು ಸುತ್ತು ಬರುತ್ತವೆ.

ಪೂರ್ವಪಕ್ಷ: ಆಳಿಲ್ಲದ ಮೇಲೆ ಹೆಸರೇಕೆ? ಉತ್ತರ: ಆಳುಗಳು ಬದಲಾಗುತ್ತಾರೆ, ಅಧಿಕಾರ ಕೈಬಿಡುತ್ತದೆ, ಸಾಮ್ರಾಜ್ಯವೇ ಮುಳುಗುತ್ತದೆ, ಆದರೆ ಊರು ಒಮ್ಮೆ ಬಾಯಿಗೆ ಹತ್ತಿಸಿಕೊಂಡ ಹೆಸರನ್ನು ಹಿಂದಕ್ಕೆ ಪಡೆಯುವ ಅಧಿಕಾರ ಯಾವ ಸರ್ಕಾರಕ್ಕೂ ಇಲ್ಲ. ಒಪ್ಪದವರು ಕರ್ನಲ್ ಅಂಕಲನ್ನು ಬರೀ 'ಅಂಕಲ್' ಎಂದು ಕರೆದು ನೋಡಬಹುದು. ಮುಂದಿನ ಪರಿಣಾಮ ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.